ಡಾರ್ಜಿಲಿಂಗ್ ಬಿ ಕ್ಲಾಸ್ ಉಗಿ ಎಂಜಿನ್ ಮಾದರಿ: ಕಟ್ಟಿ ಮುಗಿಸಿದ ದಾರಿ, ಕಾಯಬೇಕಾದ ಜಾಗಗಳು

ಪಶ್ಚಿಮ ಬಂಗಾಳದ ಬೆಟ್ಟದ ರೈಲುಮಾರ್ಗವಾದ ಡಾರ್ಜಿಲಿಂಗ್ ಹಿಮಾಲಯನ್ ರೈಲ್ವೆಯ ಬಿ ಕ್ಲಾಸ್ ಎಂಜಿನ್ನಿನ ಮಾದರಿಯನ್ನು 16 ಮಿ.ಮೀ. ಅಳತೆಯಲ್ಲಿ ಕಟ್ಟಿ, 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಪ್ರದರ್ಶನ ಫಲಕದ ಮೇಲೆ ಕೂರಿಸುವ ಕೆಲಸ ಈಗಷ್ಟೇ ಮುಗಿದಿದೆ. ಇದು ಓಡುವ ಎಂಜಿನ್ ಅಲ್ಲ. ಚಕ್ರ ತಿರುಗುತ್ತದೆ, ಸರಳುಗಳು ಆಡುತ್ತವೆ, ಆದರೆ ಒಳಗೆ ಉಗಿಯೂ ಇಲ್ಲ, ಮೋಟಾರೂ ಇಲ್ಲ. ಇಂಥ ಕೆಲಸದ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ಕಡಿಮೆ. ಸಿಗುವ ಇಂಗ್ಲಿಷ್ ಬರಹಗಳು ಮಾದರಿ ರೈಲಿನ ಅಂಗಡಿ ಬೀದಿ ಕೊನೆಯಲ್ಲೇ ಇದೆ ಎಂದುಕೊಂಡು ಬರೆದವು. ನಮ್ಮಲ್ಲಿ ಸಿಗುವ ಸಾಮಾನು, ನಮ್ಮ ಹವೆ, ನಮ್ಮ ಕಸ್ಟಮ್ಸ್ ಇಟ್ಟುಕೊಂಡು ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಅಳತೆಯ ಮಾತು. 16 ಮಿ.ಮೀ. ಅಳತೆ ಎಂದರೆ ನಿಜವಾದ ಒಂದು ಅಡಿಗೆ ಮಾದರಿಯಲ್ಲಿ 16 ಮಿ.ಮೀ., ಅಂದರೆ ಸುಮಾರು 1:19. ಡಾರ್ಜಿಲಿಂಗ್ ಮಾರ್ಗದ ಗೇಜು, ಅಂದರೆ ಎರಡು ಹಳಿಗಳ ನಡುವಿನ ಅಂತರ, 2 ಅಡಿ. ಮಾದರಿಯಲ್ಲಿ ಅದು ಸರಿಯಾಗಿ 32 ಮಿ.ಮೀ. ಆಗುತ್ತದೆ. ಈ ಗೇಜಿಗೆ ಹಳಿಯೂ ಚಕ್ರದ ಮಾನಕಗಳೂ ಹೊರದೇಶದಲ್ಲಿ ಸಿದ್ಧವಾಗಿವೆ. ಲೆಕ್ಕ ಹಾಕುವುದಂತೂ ತುಂಬಾ ಸುಲಭ: ಒಂದು ಇಂಚಿಗೆ 1.33 ಮಿ.ಮೀ. ಬಿ ಕ್ಲಾಸ್‌ನ ಚಕ್ರದ ವ್ಯಾಸ 26 ಇಂಚು, ಮಾದರಿಯಲ್ಲಿ 34.7 ಮಿ.ಮೀ. ಎರಡು ಅಚ್ಚುಗಳ (ಆಕ್ಸಲ್) ನಡುವಿನ ದೂರ 5 ಅಡಿ 6 ಇಂಚು, ಮಾದರಿಯಲ್ಲಿ 88 ಮಿ.ಮೀ. ಸಿಲಿಂಡರ್ 11 ಇಂಚು ವ್ಯಾಸ, 14 ಇಂಚು ಓಟ (ಪಿಸ್ಟನ್ ಒಂದು ತುದಿಯಿಂದ ಇನ್ನೊಂದಕ್ಕೆ ಸಾಗುವ ದೂರ), ಮಾದರಿಯಲ್ಲಿ 14.7 ಮತ್ತು 18.7 ಮಿ.ಮೀ. ಓಟದ ಅರ್ಧ, ಅಂದರೆ 9.3 ಮಿ.ಮೀ., ಚಕ್ರದ ನಡುವಿನಿಂದ ಕ್ರ್ಯಾಂಕ್ ಪಿನ್ನಿಗಿರುವ (ಸರಳು ಕೂರುವ, ಚಕ್ರದ ಮೇಲಿನ ಮೊಳೆ) ದೂರ. ಈ ಐದಾರು ಅಂಕಿಗಳನ್ನು ಕೆಲಸದ ಮೇಜಿನ ಎದುರು ಗೋಡೆಗೆ ಅಂಟಿಸಿಡಿ. ಕೆಲಸ ಮುಗಿಯುವವರೆಗೂ ಅವು ಬೇಕು.

ಇಷ್ಟು ದೊಡ್ಡ ಅಳತೆಗೆ ಬೇರೆ ಎಂಜಿನ್ ಬಿಟ್ಟು ಇದನ್ನೇ ಆರಿಸಲು ಕಾರಣವಿದೆ. ಬ್ರಾಡ್‌ಗೇಜಿನ ಡಬ್ಲ್ಯುಜಿ ಎಂಬ ಸರಕು ರೈಲಿನ ಎಂಜಿನ್ನನ್ನು ಇದೇ ಅಳತೆಯಲ್ಲಿ ಕಟ್ಟಿದರೆ ಟೆಂಡರ್ (ಕಲ್ಲಿದ್ದಲು, ನೀರು ಹೊರುವ ಹಿಂದಿನ ಬಂಡಿ) ಸೇರಿ ಒಂದು ಮೀಟರಿಗೂ ಉದ್ದವಾಗುತ್ತದೆ, ಮನೆಯಲ್ಲಿ ಇಡಲು ಜಾಗವಿರುವುದಿಲ್ಲ. ಬಿ ಕ್ಲಾಸ್ ನಾಲ್ಕೇ ಚಕ್ರದ ಗಿಡ್ಡ ಎಂಜಿನ್. ಟೆಂಡರ್ ಇಲ್ಲ, ನೀರು ಬಾಯ್ಲರ್ ಮೇಲೆ ಜೀನಿನಂತೆ ಕೂತ ಸ್ಯಾಡಲ್ ಟ್ಯಾಂಕಿನಲ್ಲೂ ಚೌಕಟ್ಟಿನ ನಡುವಿನ ತೊಟ್ಟಿಯಲ್ಲೂ, ಕಲ್ಲಿದ್ದಲು ಕ್ಯಾಬಿನ ಮುಂದಿನ ಬಂಕರಿನಲ್ಲಿ. ಮಾದರಿ ಸುಮಾರು ಒಂದು ಅಡಿ ಉದ್ದದಲ್ಲಿ ಮುಗಿಯುತ್ತದೆ. ಆದರೂ ರಿವೆಟ್, ಕೊಳವೆ, ಕವಾಟ, ಸರಳು ಎಲ್ಲವೂ ಕಣ್ಣಿಗೆ ಕಾಣುವಷ್ಟು ದೊಡ್ಡದು. ಸಣ್ಣ ಫಲಕದ ಮೇಲೆ ದೊಡ್ಡ ಅಳತೆ ಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಕಾಣುವುದಿಲ್ಲ.

ಕೆಲಸ ಶುರುವಾಗುವುದು ಹಿತ್ತಾಳೆಯಿಂದಲ್ಲ, ದಾಖಲೆಯಿಂದ. ಬಿ ಕ್ಲಾಸ್ ಎಂಜಿನ್ನುಗಳು 1889ರಿಂದ 1920ರ ದಶಕದವರೆಗೆ ಒಟ್ಟು 34 ತಯಾರಾದವು. ಶುರುವಿನವು ಶಾರ್ಪ್ ಸ್ಟೀವರ್ಟ್ ಕಂಪನಿಯವು, ಆಮೇಲಿನವು ನಾರ್ತ್ ಬ್ರಿಟಿಷ್‌ನವು, 1917ರಲ್ಲಿ ಅಮೆರಿಕದ ಬಾಲ್ಡ್‌ವಿನ್‌ನಿಂದ ಮೂರು ಬಂದವು, ಇದೇ ಮಾರ್ಗದ ತಿಂಧಾರಿಯಾದಲ್ಲಿರುವ ರೈಲ್ವೆ ಕಾರ್ಯಾಗಾರವೇ ಮೂರನ್ನು ಕಟ್ಟಿತು. ಅದಾದ ಮೇಲೆ ದಶಕಗಟ್ಟಲೆ ಅದೇ ಕಾರ್ಯಾಗಾರದಲ್ಲಿ ದುರಸ್ತಿ, ಬದಲಾವಣೆ, ಒಂದರ ಬಿಡಿಭಾಗ ಇನ್ನೊಂದಕ್ಕೆ. ಹಾಗಾಗಿ ಎರಡು ಬಿ ಕ್ಲಾಸ್‌ಗಳು ಪೂರ್ತಿ ಒಂದೇ ಥರ ಇರುವುದಿಲ್ಲ. ಟ್ಯಾಂಕಿನ ರಿವೆಟ್ ಸಾಲು, ಕ್ಯಾಬಿನ ಆಕಾರ, ದೀಪದ ಜಾಗ, ಪೈಪುಗಳು ಹಾದುಹೋಗುವ ದಾರಿ, ಎಲ್ಲದರಲ್ಲೂ ವ್ಯತ್ಯಾಸ. ಒಂದು ಎಂಜಿನ್ನಿನ ಎಡಬದಿಯ ಫೋಟೋ, ಇನ್ನೊಂದರ ಬಲಬದಿಯ ಫೋಟೋ ಸೇರಿಸಿ ಕಟ್ಟಿದರೆ ಎಲ್ಲೂ ಇಲ್ಲದ ಎಂಜಿನ್ ಹುಟ್ಟುತ್ತದೆ. ಒಂದು ನಂಬರ್, ಒಂದು ಕಾಲ ಎಂದು ಮೊದಲೇ ನಿರ್ಧರಿಸಿ, ಆ ನಂಬರಿನ ಫೋಟೋಗಳನ್ನಷ್ಟೇ ಒಂದು ಫೋಲ್ಡರಿಗೆ ಹಾಕಿ. ಉಳಿದವು ಎಷ್ಟೇ ಚೆನ್ನಾಗಿದ್ದರೂ ಇನ್ನೊಂದು ಫೋಲ್ಡರಿನಲ್ಲಿರಲಿ.

ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿ 777 ನಂಬರಿನ ಬಿ ಕ್ಲಾಸ್ ನಿಂತಿದೆ. ನಿಂತ ಎಂಜಿನ್ ಆದ್ದರಿಂದ ನಾಲ್ಕೂ ಕಡೆಯಿಂದ ನಿಧಾನವಾಗಿ ನೋಡಬಹುದು. ಟೇಪು ಹಿಡಿದು ಅಳತೆ ತೆಗೆಯುವುದಿದ್ದರೆ ಮೊದಲೇ ಕೇಳಿ ಅನುಮತಿ ಪಡೆಯಿರಿ. ಫೋಟೋ ತೆಗೆಯುವಾಗ ಸಾಧ್ಯವಾದಷ್ಟು ದೂರ ನಿಂತು ಜೂಮ್ ಮಾಡಿ. ಹತ್ತಿರದಿಂದ ತೆಗೆದರೆ ಮುಂದಿನ ಭಾಗ ಹಿಗ್ಗಿ ಅಳತೆ ಸುಳ್ಳಾಗುತ್ತದೆ. ಕ್ಯಾಮೆರಾ ಚಕ್ರದ ಎತ್ತರಕ್ಕೆ ಇರಲಿ. ಗೊತ್ತಿರುವ ಅಳತೆ ಒಂದು ಚಿತ್ರದಲ್ಲಿ ಬರಬೇಕು. ಬೇರೇನೂ ಇಲ್ಲದಿದ್ದರೆ 26 ಇಂಚಿನ ಚಕ್ರವೇ ಮಾನದಂಡ. ಕರ್ನಾಟಕದಲ್ಲಿರುವವರಿಗೆ ಮೈಸೂರಿನ ರೈಲು ವಸ್ತುಸಂಗ್ರಹಾಲಯವೂ ಉಪಯೋಗಕ್ಕೆ ಬರುತ್ತದೆ. ನಮಗೆ ಬೇಕಾದ ಎಂಜಿನ್ ಅಲ್ಲಿ ಇಲ್ಲ, ನಿಜ. ಆದರೆ ಹಳೆಯ ಉಗಿ ಎಂಜಿನ್ನಿನ ಸರಳಿನ ಮೈ ಹೇಗಿರುತ್ತದೆ, ರಿವೆಟ್ ತಲೆ ಬಣ್ಣದ ಪದರದಡಿ ಎಷ್ಟು ಮೊಂಡಾಗಿ ಕಾಣುತ್ತದೆ, ಎಣ್ಣೆ ಎಲ್ಲಿಂದ ಇಳಿಯುತ್ತದೆ ಎನ್ನುವುದನ್ನು ಕೈಯಳತೆಯಲ್ಲಿ ನೋಡಬಹುದು. ಪರದೆಯ ಮೇಲಿನ ಫೋಟೋ ಎಷ್ಟು ನೋಡಿದರೂ ಇದು ತಿಳಿಯುವುದಿಲ್ಲ.

ದಾಖಲೆ ಕೂಡಿದ ಮೇಲೆ ಎಲ್ಲರ ಕೈಯೂ ಎಂಜಿನ್ನಿನ ಕಡೆಗೇ ಹೋಗುತ್ತದೆ. ತಡೆಯಿರಿ. ಮೊದಲು ಫಲಕ, ಅದರ ಮೇಲೆ ಹಳಿ, ಆಮೇಲೆ ಎಂಜಿನ್. ಈ ಕ್ರಮ ತಪ್ಪಿದರೆ ಕೊನೆಯಲ್ಲಿ ಬಣ್ಣ ಬಳಿದ ಎಂಜಿನ್ನನ್ನು ಕೈಯಲ್ಲಿ ಹಿಡಿದುಕೊಂಡು ಅದರ ಕೆಳಗೆ ರಂಧ್ರ ಕೊರೆಯುವ ಪರಿಸ್ಥಿತಿ ಬರುತ್ತದೆ.

ಫಲಕಕ್ಕೆ 12 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್. ಎರಡೂ ಮುಖಕ್ಕೂ ನಾಲ್ಕೂ ಅಂಚಿಗೂ ಸೀಲರ್ ಬಳಿಯಬೇಕು. ಮೇಲ್ಮುಖಕ್ಕೆ ಮಾತ್ರ ಬಳಿದರೆ ಪ್ಲಾಸ್ಟರಿನ ನೀರು ಕುಡಿದು ಹಲಗೆ ಬಿಲ್ಲಿನ ಹಾಗೆ ಬಾಗುತ್ತದೆ, ಆಗ ಹಳಿ ಕೂಡಾ ಬಾಗುತ್ತದೆ. ದೃಶ್ಯವನ್ನು, ಈ ಹಳಿಯ ಜೊತೆಜೊತೆಗೇ ಬೆಟ್ಟ ಹತ್ತುವ ಹಿಲ್ ಕಾರ್ಟ್ ರಸ್ತೆಯ ಪಕ್ಕದ ಒಂದು ತಿರುವು ಎಂದು ಇಟ್ಟುಕೊಂಡೆ. ಈ ಮಾರ್ಗದ ಅತಿ ಬಿಗಿಯಾದ ತಿರುವುಗಳ ತ್ರಿಜ್ಯ 60 ಅಡಿಯ ಆಸುಪಾಸಿನದು. ಮಾದರಿಯಲ್ಲಿ 960 ಮಿ.ಮೀ. 60 ಸೆಂ.ಮೀ. ಉದ್ದದ ಫಲಕದಲ್ಲಿ ಆ ತಿರುವು ನಡುವಿನಲ್ಲಿ 48 ಮಿ.ಮೀ. ಉಬ್ಬುತ್ತದೆ. ಸಾಮಾನ್ಯವಾಗಿ ಮಾದರಿ ರೈಲಿನವರು ಜಾಗವಿಲ್ಲದೆ ತಿರುವನ್ನು ಕುಗ್ಗಿಸುತ್ತಾರೆ. ಇಲ್ಲಿ ನಿಜವಾದ ತಿರುವನ್ನೇ ನಿಜವಾದ ಅಳತೆಯಲ್ಲಿ ಇಡಬಹುದು, ಇದು ದೊಡ್ಡ ಭಾಗ್ಯ. ಏರನ್ನೂ ಬಿಡಬೇಡಿ. 25ಕ್ಕೆ 1ರ ಏರು ಈ ಮಾರ್ಗಕ್ಕೆ ಸಹಜ. ಫಲಕದ ಉದ್ದಕ್ಕೆ 24 ಮಿ.ಮೀ. ಸಮತಟ್ಟಾಗಿ ಹಳಿ ಹಾಕಿದರೆ ಡಾರ್ಜಿಲಿಂಗ್ ಎಂದು ಬರೆದು ಹಾಕಿದರೂ ಡಾರ್ಜಿಲಿಂಗ್ ಅನ್ನಿಸುವುದಿಲ್ಲ. ಏರಿಗೆ ಎಕ್ಸ್‌ಪಿಎಸ್ (ಗಟ್ಟಿ ಥರ್ಮಾಕೋಲಿನಂಥ) ಫೋಮ್ ಹಲಗೆಯನ್ನು ಓರೆಯಾಗಿ ಕತ್ತರಿಸಿ ಬಿಳಿ ಅಂಟಿನಿಂದ ಕೂರಿಸಿದರೆ ಸಾಕು. ಸ್ಪ್ರೇ ಬಣ್ಣವನ್ನು ಆ ಫೋಮಿನ ಹತ್ತಿರವೂ ತರಬೇಡಿ, ಕರಗಿಸಿಬಿಡುತ್ತದೆ.

ಹಳಿಗಾಗಿ ಮೊದಲ ದೊಡ್ಡ ಕಾಯುವಿಕೆ. ಕೋಡ್ 200 ಹಳಿ, ಅಂದರೆ 0.200 ಇಂಚು ಅಥವಾ 5.08 ಮಿ.ಮೀ. ಎತ್ತರದ್ದು, ಈ ಅಳತೆಗೆ ಹೊಂದುತ್ತದೆ. ನಮ್ಮಲ್ಲಿ ಸಿಗದ ಕಾರಣ ಹೊರದೇಶದಿಂದ ತರಿಸಬೇಕು. ಇಲ್ಲಿ ಎರಡು ವಿಷಯ ತಿಳಿದಿರಲಿ. ಒಂದು, ಆಟಿಕೆಗಳ ಮೇಲಿನ ಮೂಲ ಕಸ್ಟಮ್ಸ್ ಸುಂಕ 2020ರಲ್ಲಿ 20ರಿಂದ 60 ಪ್ರತಿಶತಕ್ಕೆ, 2023ರಲ್ಲಿ 70ಕ್ಕೆ ಏರಿತು. ಇನ್ನೊಂದು, 2021ರ ಜನವರಿಯಿಂದ ಮಕ್ಕಳ ಆಟಿಕೆಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯ. ಪಾರ್ಸೆಲ್ ಮೇಲೆ ‘ಟಾಯ್ ಟ್ರೇನ್’ ಎಂದು ಮೋಟಾಗಿ ಬರೆದಿದ್ದರೆ ಈ ಎರಡರ ಪ್ರಶ್ನೆಗಳೂ ಒಟ್ಟಿಗೆ ಎದ್ದು ಪಾರ್ಸೆಲ್ ಗೋದಾಮಿನಲ್ಲಿ ಕೂರುತ್ತದೆ. ಸುಳ್ಳು ಬರೆಸುವುದು ಬೇಡವೇ ಬೇಡ. ಆದರೆ ಇನ್‌ವಾಯ್ಸ್‌ನಲ್ಲಿ ಇರುವುದನ್ನು ಪೂರ್ತಿ ಬರೆಸಿ: ಲೋಹದ ಹಳಿ, ಇಷ್ಟು ಉದ್ದ, ಇಷ್ಟು ತುಂಡು, ವಯಸ್ಕರ ಮಾದರಿ ತಯಾರಿಕೆಗೆ, ಬೆಲೆ ಇಷ್ಟು. ಪ್ಯಾನ್ ಅಥವಾ ಆಧಾರ್, ವಿಳಾಸದ ದಾಖಲೆ, ಹಣ ಕಟ್ಟಿದ ರಸೀದಿ, ಸಾಮಾನಿನ ಪುಟದ ಮುದ್ರಿತ ಪ್ರತಿ, ಇವನ್ನು ಪಿಡಿಎಫ್ ಮಾಡಿ ಮೊದಲೇ ಸಿದ್ಧವಾಗಿಟ್ಟರೆ ಕೊರಿಯರಿನವರ ಮೇಲ್ ಬಂದ ಕೂಡಲೇ ಕಳಿಸಬಹುದು. ನನ್ನ ಪಾರ್ಸೆಲ್‌ನಲ್ಲಿ ಹಳಿಯ ಜೊತೆ ಕಳಿಸಿದವರು ಪ್ರೀತಿಯಿಂದ ಸೇರಿಸಿದ್ದ ಒಂದು ಉಡುಗೊರೆ ಇನ್‌ವಾಯ್ಸ್‌ನಲ್ಲಿ ಇರಲಿಲ್ಲ. ಅದರ ವಿವರಣೆಗೇ ವಾರಗಳು ಹೋದವು. ಏನನ್ನೂ ಉಚಿತವಾಗಿ ಸೇರಿಸಬೇಡಿ ಎಂದು ಮೊದಲೇ ಬರೆದು ತಿಳಿಸಿ.

ಕಾಯುವ ಆ ವಾರಗಳು ವ್ಯರ್ಥವಾಗಬೇಕಿಲ್ಲ. ಹಳಿ ಬರುವಷ್ಟರಲ್ಲಿ ಸ್ಲೀಪರ್, ಅಂದರೆ ಹಳಿಯಡಿಯ ಅಡ್ಡಪಟ್ಟಿ, ತಯಾರಿಸಬಹುದು. 5 ಅಡಿಯ ಮರದ ಸ್ಲೀಪರ್ 80 ಮಿ.ಮೀ. ಆಗುತ್ತದೆ. ತೇಗದ ಚೂರುಗಳನ್ನು ಬಡಗಿ ಅಂಗಡಿಯಲ್ಲಿ 9 ಮಿ.ಮೀ. ಅಗಲ, 6 ಮಿ.ಮೀ. ದಪ್ಪಕ್ಕೆ ಸೀಳಿಸಿ, ತಂತಿ ಬ್ರಷ್ಷಿನಿಂದ ಉದ್ದಕ್ಕೆ ಉಜ್ಜಿದರೆ ಹಳೆಯ ಮರದ ನಾರು ಏಳುತ್ತದೆ. ಬಣ್ಣಕ್ಕೆ ಕಬ್ಬಿಣದ ಉಣ್ಣೆಯನ್ನು ವಿನೆಗರಿನಲ್ಲಿ ಎರಡು ದಿನ ನೆನೆಸಿದ ನೀರು. ತೇಗಕ್ಕೆ ಹಚ್ಚಿದ ಕೆಲವೇ ನಿಮಿಷದಲ್ಲಿ ಬೂದುಗಪ್ಪು ಹಿಡಿಯುತ್ತದೆ.

ಈಗ ಚಾಸಿಸ್ (ಚಕ್ರಗಳನ್ನು ಹಿಡಿಯುವ ಅಡಿಚೌಕಟ್ಟು), ಇಡೀ ಕೆಲಸದ ಜೀವ. ಇಲ್ಲಿ ಅವಸರ ಪಟ್ಟರೆ ಮುಂದೆ ಯಾವುದೂ ಸರಿ ಹೋಗುವುದಿಲ್ಲ. ಎರಡು ಪಕ್ಕದ ಚೌಕಟ್ಟುಗಳಿಗೆ 1.5 ಮಿ.ಮೀ. ಹಿತ್ತಾಳೆ ಹಾಳೆ. ಸರಳುಗಳಿಗೆ ಹಿತ್ತಾಳೆ ಬೇಡ, ಹಳದಿ ಬಣ್ಣ ಎಷ್ಟು ಮುಚ್ಚಿದರೂ ತಿಕ್ಕಿದ ಕಡೆ ಇಣುಕುತ್ತದೆ. ಪೂಜಾ ಸಾಮಗ್ರಿಗೆ ಬಳಸುವ ಜರ್ಮನ್ ಸಿಲ್ವರ್ ಹಾಳೆ ಉಕ್ಕಿನ ಬಣ್ಣಕ್ಕೆ ಹತ್ತಿರ, ಬೆಸುಗೆಗೂ ಒಗ್ಗುತ್ತದೆ. ಬೆಂಗಳೂರಿನಲ್ಲಿ ಚಿಕ್ಕಪೇಟೆ ಸುತ್ತಿನ ಲೋಹದ ಅಂಗಡಿಗಳಲ್ಲಿ ಕೇಳಿದರೆ ತುಂಡು ಲೆಕ್ಕದಲ್ಲೂ ಕೊಡುತ್ತಾರೆ.

ಗುಟ್ಟು ಇರುವುದು ರಂಧ್ರ ಕೊರೆಯುವ ಕ್ರಮದಲ್ಲಿ. ಮುಂದಿನ, ಹಿಂದಿನ ಚಕ್ರಗಳನ್ನು ಜೋಡಿಸುವ ಎರಡೂ ಬದಿಯ ಕಪ್ಲಿಂಗ್ ರಾಡ್‌ಗಳ ಹಾಳೆಗಳನ್ನು ಒಂದರ ಮೇಲೊಂದು ಬೆಸೆದು, 88 ಮಿ.ಮೀ. ಅಂತರದಲ್ಲಿ 1.5 ಮಿ.ಮೀ. ರಂಧ್ರಗಳನ್ನು ಒಟ್ಟಿಗೇ ಕೊರೆಯಬೇಕು. ನಂತರ ಅದೇ ರಾಡನ್ನು ಅಳತೆಪಟ್ಟಿಯಾಗಿ ಇಟ್ಟುಕೊಂಡು, ಒಟ್ಟಿಗೆ ಬೆಸೆದ ಎರಡು ಚೌಕಟ್ಟುಗಳಲ್ಲಿ ಆಕ್ಸಲ್ ಕೂರುವ ರಂಧ್ರಗಳನ್ನು ಕೊರೆಯಬೇಕು. ಅಳತೆ 88ರ ಬದಲು 87.9 ಆದರೂ ಪರವಾಗಿಲ್ಲ. ನಾಲ್ಕು ಹಾಳೆಯಲ್ಲೂ ಒಂದೇ 87.9 ಇದ್ದರೆ ಸಾಕು. ಬೇರೆ ಬೇರೆ ಗುರುತು ಹಾಕಿ ಕೊರೆದರೆ ಎಷ್ಟೇ ಒಳ್ಳೆಯ ಕ್ಯಾಲಿಪರ್ ಇದ್ದರೂ ಕೂದಲೆಳೆಯ ವ್ಯತ್ಯಾಸ ಬಂದೇ ಬರುತ್ತದೆ, ಚಕ್ರ ಸಿಕ್ಕಿಹಾಕಿಕೊಳ್ಳುತ್ತದೆ. ಕೊರೆದ ಮೇಲೆ ಹಾಳೆಗಳನ್ನು ಬಿಡಿಸಿ, ಚೌಕಟ್ಟಿನ ರಂಧ್ರವನ್ನು 3.9ಕ್ಕೆ ಹಿಗ್ಗಿಸಿ, ಕೊನೆಗೆ 4 ಮಿ.ಮೀ. ರೀಮರ್ (ರಂಧ್ರವನ್ನು ನಯವಾಗಿ ನಿಖರ ಅಳತೆಗೆ ತರುವ ಉಪಕರಣ) ಹಾಕಿ. ರಾಡಿನದು 2 ಮಿ.ಮೀ. ಪಿನ್ನಿಗೆ 2.1.

ಚಕ್ರಗಳನ್ನು ಲೇತ್ ಅಂಗಡಿಯಲ್ಲಿ ಮಾಡಿಸಿದ್ದು. ನಾಲ್ಕೇ ಚಕ್ರ ಎಂದರೆ ಹೆಚ್ಚಿನವರು ಕೆಲಸ ಮುಟ್ಟುವುದೇ ಇಲ್ಲ. ದೊಡ್ಡ ಆರ್ಡರ್‌ಗಳ ನಡುವೆ ಬಿಡುವಾದಾಗ ಮಾಡಿಕೊಡಿ ಎಂದು ಕೇಳಿ, ಕಾಯಲು ಒಪ್ಪಿದರೆ ಮಾಡಿಕೊಡುತ್ತಾರೆ. ಕೊಡುವ ಚಿತ್ರದಲ್ಲಿ ಒಂದು ಮಾತು ದಪ್ಪಕ್ಷರದಲ್ಲಿರಲಿ: 34.7 ಮಿ.ಮೀ. ಎನ್ನುವುದು ಹಳಿಯ ಮೇಲೆ ಉರುಳುವ ಮೈಯ ವ್ಯಾಸ, ಫ್ಲಾಂಜಿನ (ಚಕ್ರ ಹಳಿ ತಪ್ಪದಂತೆ ತಡೆಯುವ ಚಾಚು ಅಂಚು) ವ್ಯಾಸವಲ್ಲ. ಮೊದಲ ಸೆಟ್ ಬಂದಾಗ ಅಂಗಡಿಯವರು ಅತಿ ದೊಡ್ಡ ವ್ಯಾಸವನ್ನೇ 34.7 ಮಾಡಿದ್ದರು. ಚಿತ್ರದಲ್ಲಿ ಬಾಣದ ಗುರುತು ಸರಿಯಿತ್ತು, ಆದರೆ ರೈಲು ಚಕ್ರ ಮಾಡಿ ಅಭ್ಯಾಸವಿಲ್ಲದವರಿಗೆ ಹೊರ ವ್ಯಾಸ ಎಂದರೆ ಅತಿ ಹೊರಗಿನದು. 2 ಮಿ.ಮೀ. ಫ್ಲಾಂಜ್ ಎಂದಾದರೆ ಹೊರ ವ್ಯಾಸ 38.7 ಎಂದೂ ಪಕ್ಕದಲ್ಲೇ ಬರೆಯಿರಿ. ಎರಡು ಚಕ್ರಗಳ ಬೆನ್ನಿನಿಂದ ಬೆನ್ನಿಗೆ 28 ಮಿ.ಮೀ.; ಇದು 32 ಮಿ.ಮೀ. ಗೇಜಿನ ಮಾನಕ.

ಚಕ್ರವನ್ನು ಅಚ್ಚಿಗೆ ಕೂರಿಸುವಾಗ ಎಡಬಲದ ಕ್ರ್ಯಾಂಕ್ ಪಿನ್‌ಗಳು 90 ಡಿಗ್ರಿ ಅಂತರದಲ್ಲಿರಬೇಕು. ನಿಂತೇ ಇರುವ ಮಾದರಿಗೆ ಇದೇಕೆ ಎಂದು ಕೇಳಬಹುದು. ಒಂದು ಕಡೆಯಿಂದ ನೋಡಿ ಇನ್ನೊಂದು ಕಡೆಗೆ ಸುತ್ತಿ ಬಂದವರಿಗೆ ಎರಡೂ ಬದಿಯ ರಾಡ್ ಒಂದೇ ಸ್ಥಿತಿಯಲ್ಲಿದ್ದರೆ ತಕ್ಷಣ ಏನೋ ತಪ್ಪಿದೆ ಅನ್ನಿಸುತ್ತದೆ. ಎರಡು ಮರದ ತುಂಡುಗಳಲ್ಲಿ ಲಂಬಕೋನದ ಸೀಳು ಮಾಡಿ ಒಂದು ಜಿಗ್ (ಭಾಗಗಳನ್ನು ಸರಿಯಾದ ಕೋನದಲ್ಲಿ ಹಿಡಿಯುವ ಆಸರೆ) ಕಟ್ಟಿದರೆ ಪಿನ್‌ಗಳು ತಾವಾಗಿಯೇ ಸರಿಯಾದ ಜಾಗಕ್ಕೆ ಬರುತ್ತವೆ. ಅಂಟಿಗೆ ರಿಟೈನಿಂಗ್ ಕಾಂಪೌಂಡ್ (ರಂಧ್ರದೊಳಗೆ ಕೂತ ಲೋಹವನ್ನು ಹಿಡಿದಿಡುವ ಅಂಟು) ಬಳಸಿ. ಕೆಲವು ನಿಮಿಷ ಸರಿಪಡಿಸಲು ಅವಕಾಶ ಕೊಟ್ಟು ಹಿಡಿಯುತ್ತದೆ. ಪೂರ್ತಿ ಬಲಿಯಲು ಒಂದು ದಿನ ಬಿಡಿ.

ರಾಡ್ ಹಾಕಿ ತಿರುಗಿಸಿದಾಗ ಚಕ್ರ ಬಿಗಿಯಾದರೆ ಎಲ್ಲಿ ಬಿಗಿಯಾಗುತ್ತದೆ ಎಂದು ನೋಡಿ, ಕಾರಣ ಅಲ್ಲೇ ಗೊತ್ತಾಗುತ್ತದೆ. ಒಂದು ಬದಿಯ ಪಿನ್ ಪೂರ್ತಿ ಮುಂದೆ ಅಥವಾ ಪೂರ್ತಿ ಹಿಂದೆ ಬಂದಾಗ ಬಿಗಿಯಾದರೆ ರಾಡಿನ ಉದ್ದಕ್ಕೂ ಅಚ್ಚುಗಳ ಅಂತರಕ್ಕೂ ತಾಳೆಯಿಲ್ಲ. ಅದರ ನಡುವೆ, ಸುಮಾರು 45 ಡಿಗ್ರಿಯಲ್ಲಿ ಬಿಗಿಯಾದರೆ 90 ಡಿಗ್ರಿಯ ಹೊಂದಾಣಿಕೆ ಎರಡು ಅಚ್ಚುಗಳಲ್ಲಿ ಒಂದೇ ಥರ ಇಲ್ಲ. ಮೊದಲನೆಯದಕ್ಕೆ ರಾಡಿನ ರಂಧ್ರವನ್ನು ಗುಂಡು ಅರದಿಂದ ಒಂದೆಳೆ ಹಿಗ್ಗಿಸಿದರೆ ಸಾಕಾಗಬಹುದು. ಎರಡನೆಯದಕ್ಕೆ ರಂಧ್ರ ಹಿಗ್ಗಿಸಿದರೆ ರೋಗ ಮುಚ್ಚಿಡುತ್ತದೆ, ವಾಸಿಯಾಗುವುದಿಲ್ಲ. ಚಕ್ರವನ್ನು ಬಿಸಿ ಮಾಡಿ ಬಿಡಿಸಿ ಮತ್ತೆ ಕೂರಿಸಲೇಬೇಕು. ನಾಲ್ಕು ಚಕ್ರವೂ ಎಲ್ಲೂ ತಡೆಯದೆ ಬೆರಳ ತುದಿಯ ತಳ್ಳಿಗೆ ಒಂದು ಪೂರ್ತಿ ಸುತ್ತು ಬಂದಾಗ ಆಗುವ ಸಂತೋಷ ಮುಗಿದ ಎಂಜಿನ್ ನೋಡಿದಾಗಲೂ ಆಗಲಿಲ್ಲ.

ಸಿಲಿಂಡರಿಗೆ ಉಗಿ ಬಿಡುವ ಕವಾಟವನ್ನು (ವಾಲ್ವ್) ಆಡಿಸುವ ಸರಳುಗಳದು ವಾಲ್‌ಶಾರ್ಟ್ಸ್ ಎಂಬ ಪದ್ಧತಿ; ಅದರ ಭಾಗಗಳು: ರಿಟರ್ನ್ ಕ್ರ್ಯಾಂಕ್, ಎಕ್ಸೆಂಟ್ರಿಕ್ ರಾಡ್, ಎಕ್ಸ್‌ಪ್ಯಾನ್ಶನ್ ಲಿಂಕ್, ರೇಡಿಯಸ್ ರಾಡ್, ಕಾಂಬಿನೇಶನ್ ಲಿವರ್. ಇದು ಹಳೆಯ ಸ್ಲೈಡ್ ವಾಲ್ವಿನ (ಚಪ್ಪಟೆಯಾಗಿ ಜಾರುವ ಕವಾಟದ) ಎಂಜಿನ್. ಹಾಗಾಗಿ ಕಾಂಬಿನೇಶನ್ ಲಿವರ್‌ನಲ್ಲಿ ವಾಲ್ವ್ ರಾಡ್ ಮೇಲೆ, ರೇಡಿಯಸ್ ರಾಡ್ ಅದರ ಕೆಳಗೆ ಬರಬೇಕು. ಪಿಸ್ಟನ್ ವಾಲ್ವಿನ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಇದು ತಿರುವು ಮುರುವು. ಬೇರೆ ಎಂಜಿನ್ನಿನ ಚಿತ್ರ ನೋಡಿ ಕತ್ತರಿಸಿದರೆ ತಪ್ಪುವುದು ಇಲ್ಲೇ. ರಿಟರ್ನ್ ಕ್ರ್ಯಾಂಕ್ ಕೂಡ ಎಡಕ್ಕೂ ಬಲಕ್ಕೂ ಕನ್ನಡಿ ಬಿಂಬದ ಹಾಗೆ ಬೇರೆ ಬೇರೆ. ಒಂದೇ ಥರದ ಎರಡು ಮಾಡಿದರೆ ಒಂದು ಕಡೆ ಮುಂದಕ್ಕೆ, ಇನ್ನೊಂದು ಕಡೆ ಹಿಂದಕ್ಕೆ ಓಡುವ ಎಂಜಿನ್ ಆಗುತ್ತದೆ.

ಬಾಯ್ಲರಿಗೆ ಯುಪಿವಿಸಿ ನೀರಿನ ಪೈಪು. ವ್ಯಾಸ ನಿಮ್ಮ ಚಿತ್ರಕ್ಕಿಂತ ಒಂದೆರಡು ಮಿ.ಮೀ. ಚಿಕ್ಕದು ಸಿಕ್ಕರೆ ಒಳ್ಳೆಯದು, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಸರಿದೂಗಿಸಬಹುದು. ಸ್ಟೈರೀನ್ ಹಾಳೆಯ ದ್ರಾವಕ ಅಂಟು ಈ ಪೈಪನ್ನು ಹಿಡಿಯುವುದಿಲ್ಲ, ಮೈಯನ್ನು ಉಪ್ಪು ಕಾಗದದಿಂದ ಉಜ್ಜಿ ಎಪಾಕ್ಸಿ ಹಾಕಿ.

ಸ್ಯಾಡಲ್ ಟ್ಯಾಂಕ್ ಬೇರೆಯೇ ಪರೀಕ್ಷೆ. 2 ಮಿ.ಮೀ. ಹಾಳೆಯಿಂದ ಕತ್ತರಿಸಿದ ಅಡ್ಡ ಪಟ್ಟಿಗಳನ್ನು 25 ಮಿ.ಮೀ.ಗೊಂದರಂತೆ ನಿಲ್ಲಿಸಿ, ಮೇಲೆ 0.75 ಮಿ.ಮೀ. ಹಾಳೆ ಹೊದಿಸಿದ್ದು. ಹಾಳೆಯನ್ನು ನೇರವಾಗಿ ಬಗ್ಗಿಸಿ ಅಂಟಿಸಿದರೆ ಕೆಲವು ದಿನಗಳ ಮೇಲೆ ಅಂಚು ಬಿಟ್ಟುಕೊಳ್ಳುತ್ತದೆ. ಬೇಕಾದ್ದಕ್ಕಿಂತ ಸಣ್ಣ ಪೈಪಿಗೆ ಸುತ್ತಿ ಟೇಪು ಹಾಕಿ, ಕುದಿ ಇಳಿದ ಬಿಸಿ ನೀರು ಸುರಿದು, ಹಾಗೇ ತಣ್ಣಗಾಗಲು ಬಿಟ್ಟರೆ ಬಾಗು ನಿಲ್ಲುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಒಳಗಿನ ಗಾಳಿಗೆ ದಾರಿ. ಮುಚ್ಚಿದ ಪೆಟ್ಟಿಗೆಯೊಳಗೆ ದ್ರಾವಕದ ಆವಿ ಸಿಕ್ಕಿಕೊಂಡರೆ ಪ್ಲಾಸ್ಟಿಕ್ ಒಳಗಿನಿಂದ ಮೆತ್ತಗಾಗುತ್ತಾ ಹೋಗಿ, ತಿಂಗಳ ನಂತರ ಬಣ್ಣ ಬಳಿದ ಟ್ಯಾಂಕಿನ ಮೈ ಗುಳಿ ಬೀಳುತ್ತದೆ. ಪ್ರತಿ ಅಡ್ಡ ಪಟ್ಟಿಗೂ ದೊಡ್ಡ ರಂಧ್ರ, ತಳಕ್ಕೆ ನಾಲ್ಕಾರು ರಂಧ್ರ ಕೊರೆದು, ಅಂಟಿಸಿ ಮುಗಿದ ಮೇಲೆ ಎರಡು ವಾರ ಹಾಗೇ ಇಟ್ಟುಬಿಡಿ. ಕಿಟಕಿ ತೆರೆದು ಕೆಲಸ ಮಾಡಿ. ಡೈಕ್ಲೋರೋಮೀಥೇನ್ ಅಂಥ ದ್ರಾವಕಗಳ ಆವಿ ನಮ್ಮ ಆರೋಗ್ಯಕ್ಕೂ ಒಳ್ಳೆಯದಲ್ಲ.

ರಿವೆಟ್‌ಗಳ ಬಗ್ಗೆ ಎರಡು ದಾರಿ. 0.25 ಮಿ.ಮೀ. ಹಾಳೆಯ ಹಿಂಬದಿಯಿಂದ ಮೊನೆಯಿಂದ ಒತ್ತಿ ಉಬ್ಬಿಸಿ, ಆ ಹಾಳೆಯನ್ನು ಟ್ಯಾಂಕಿಗೆ ಹೊದಿಸುವುದು ಒಂದು. ಇದರಲ್ಲಿ ಅಂಟು ಹಿಂಬದಿಯ ಗುಳಿಗಳಿಗೆ ತುಂಬಿ ಉಬ್ಬನ್ನು ಕರಗಿಸುವ ಅಪಾಯ. ದ್ರಾವಕ ಬಿಟ್ಟು ತೆಳುವಾದ ಎಪಾಕ್ಸಿ ಬಳಸಿ. ಉಗುರು ಅಲಂಕಾರಕ್ಕೆ ಮಾರುವ ಅರೆಗೋಳದ ಸಣ್ಣ ಮಣಿಗಳು ಇನ್ನೊಂದು. 1.2ರಿಂದ 1.5 ಮಿ.ಮೀ. ಮಣಿ ಈ ಅಳತೆಗೆ ಸರಿ. ಗ್ರಾಫ್ ಹಾಳೆಯಲ್ಲಿ 2.5 ಮಿ.ಮೀ.ಗೊಂದು ಚುಕ್ಕೆ ಮುದ್ರಿಸಿ ಟ್ಯಾಂಕಿಗೆ ಅಂಟಿಸಿ, ಸೂಜಿಯಿಂದ ಚುಚ್ಚಿ ಗುರುತು ಮಾಡಿ, ಕಾಗದ ಕಿತ್ತು, ಪ್ರತಿ ಗುರುತಿಗೂ ಒಂದು ಮಣಿ. ನಾನು ಹಿಡಿದದ್ದು ಎರಡನೆಯ ದಾರಿ. ದಿನಕ್ಕೊಂದು ಸಾಲು ಎಂದು ಇಟ್ಟುಕೊಂಡರೆ ಮಾತ್ರ ಕಣ್ಣೂ ತಾಳ್ಮೆಯೂ ಉಳಿಯುತ್ತವೆ. ಸಾಲು ಸೊಟ್ಟಗಾಗುವುದು ಯಾವಾಗಲೂ ದಣಿದ ಕೊನೆಯ ಅರ್ಧ ಗಂಟೆಯಲ್ಲಿ.

ಹೊಗೆಕೊಳವೆ, ಸೇಫ್ಟಿ ವಾಲ್ವ್, ದೀಪ, ಇಂಜೆಕ್ಟರ್, ಕ್ಯಾಬಿನ ಗೇಜುಗಳನ್ನು ರೆಸಿನ್ 3ಡಿ ಮುದ್ರಣದಲ್ಲಿ ಮಾಡಿಸಿದ್ದು. ಫೈಲ್ ಒಂದೇ ಆದರೂ ಬೇರೆ ಬೇರೆ ಕಡೆ ಕೇಳಿದ ದರ ಎರಡು ಪಟ್ಟಿನವರೆಗೆ ವ್ಯತ್ಯಾಸವಿತ್ತು. ಆಸರೆ ಕಡ್ಡಿಗಳು ಯಾವ ಬದಿಗೆ ಬರಬೇಕು ಎಂದು ನೀವೇ ಹೇಳಿ, ಇಲ್ಲದಿದ್ದರೆ ಕಾಣುವ ಮೈಗೇ ಬರುತ್ತವೆ. ಬಂದ ಭಾಗ ಮುಟ್ಟಿದರೆ ಜಿಗುಟಾಗಿದ್ದರೆ ರೆಸಿನ್ ಪೂರ್ತಿ ಬಲಿತಿಲ್ಲ ಎಂದರ್ಥ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಮತ್ತೆ ತೊಳೆದು, ಒಣಗಿಸಿ, ಬಿಸಿಲಿಗಿಟ್ಟು ಬಲಿಸಿ. ಟೊಳ್ಳಾದ ಭಾಗದೊಳಗೆ ದ್ರವ ರೆಸಿನ್ ಉಳಿದಿದ್ದರೆ ಬಣ್ಣ ಒಡೆದು ಹೊರಗೆ ಒಸರುತ್ತದೆ. ಕೆಳಗೊಂದು ತೂತು ಇಟ್ಟೇ ವಿನ್ಯಾಸ ಮಾಡಿಸಿ.

ನಂಬರ್ ಫಲಕಗಳನ್ನು ಮನೆಯಲ್ಲೇ ಕೊರೆಯಬಹುದು. 0.3 ಮಿ.ಮೀ. ಹಿತ್ತಾಳೆ, ಲೇಸರ್ ಪ್ರಿಂಟರಿನಲ್ಲಿ ಹೊಳಪು ಕಾಗದದ ಮೇಲೆ ತಿರುಗು ಮುರುಗಾಗಿ ಮುದ್ರಿಸಿದ ಅಕ್ಷರ, ಅದನ್ನು ಹಿತ್ತಾಳೆಗೆ ಒತ್ತಲು ಇಸ್ತ್ರಿ ಪೆಟ್ಟಿಗೆ, ಮತ್ತು ಅಕ್ಷರವಿಲ್ಲದ ಕಡೆ ಹಿತ್ತಾಳೆ ಕರಗಿಸಲು ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಫೆರಿಕ್ ಕ್ಲೋರೈಡ್. ಬೆಚ್ಚಗಿನ ದ್ರಾವಣದಲ್ಲಿ ಅರ್ಧ ಗಂಟೆಯ ಆಸುಪಾಸು, ನಡುನಡುವೆ ತೆಗೆದು ನೋಡುತ್ತಾ. ಫಲಕದ ಹಿಂಬದಿಗೆ ಟೇಪು ಹಾಕಲು ಮರೆಯಬೇಡಿ. ಬಳಸಿದ ದ್ರಾವಣದಲ್ಲಿ ತಾಮ್ರ ಕರಗಿರುತ್ತದೆ, ಸಿಂಕಿಗೆ ಸುರಿಯುವಂತಿಲ್ಲ; ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟು ಮುಂದಿನ ಕೆಲಸಕ್ಕೆ ಬಳಸಿ, ಸತ್ವ ಹೋದ ಮೇಲೆ ಅಪಾಯಕಾರಿ ತ್ಯಾಜ್ಯವಾಗಿ ಕೊಡಿ.

ಬಣ್ಣಕ್ಕೆ ಮಳೆಗಾಲವನ್ನು ತಪ್ಪಿಸಿ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಲ್ಯಾಕರ್ ಸ್ಪ್ರೇ ಮಾಡಿದರೆ ಒಣಗುತ್ತಾ ಬೆಳ್ಳಗೆ ಮಂಜು ಹಿಡಿಯುತ್ತದೆ. ಬಿಸಿಲಿನ ಒಣ ದಿನ ಸಿಗುವವರೆಗೆ ಕಾಯುವುದೇ ಮದ್ದು, ಕೆಲಸದ ಇಡೀ ಅವಧಿಯಲ್ಲಿ ಅತಿ ಹೆಚ್ಚು ಕಾದದ್ದು ಇದಕ್ಕೇ. ಹಿತ್ತಾಳೆ ಭಾಗಗಳಿಗೆ ಸಿಟ್ರಿಕ್ ಆಮ್ಲದ ನೀರಿನಲ್ಲಿ ತೊಳೆದು ಎಚಿಂಗ್ ಪ್ರೈಮರ್ (ಲೋಹದ ಮೈಯನ್ನು ಸ್ವಲ್ಪ ಕೊರೆದು ಹಿಡಿಯುವ ಅಡಿಬಣ್ಣ). ಮಾಮೂಲಿ ಪ್ರೈಮರ್ ಉಗುರಿಗೆ ಏಳುತ್ತದೆ. ಈ ಎಂಜಿನ್ನುಗಳು ಬೇರೆ ಬೇರೆ ಕಾಲದಲ್ಲಿ ಹಸಿರು, ಕಪ್ಪು, ಕೆಂಪು ಬಣ್ಣದಲ್ಲಿದ್ದವು, ಈಗ ಹೆಚ್ಚಾಗಿ ಕಾಣುವುದು ನೀಲಿ. ಆ ನೀಲಿಯನ್ನು ಡಬ್ಬಿಯಿಂದ ನೇರ ಬಳಿದರೆ ಆಟಿಕೆಯ ಕಳೆ ಬರುತ್ತದೆ. ಹತ್ತಕ್ಕೆ ಒಂದು ಪಾಲಿನಷ್ಟು ಬಿಳಿ ಸೇರಿಸಿ, ರಟ್ಟಿಗೆ ಬಳಿದು, ಪೆಟ್ಟಿಗೆಯೊಳಗೆ ಹಾಕಲಿರುವ ಅದೇ ಎಲ್‌ಇಡಿ ಬೆಳಕಿನಲ್ಲಿ ನೋಡಿ ತೀರ್ಮಾನಿಸಿ. ಚಾಸಿಸ್, ಬಾಯ್ಲರ್, ಟ್ಯಾಂಕ್, ಕ್ಯಾಬ್ ನಾಲ್ಕನ್ನೂ ಬೇರೆ ಬೇರೆ ಬಳಿದು ಆಮೇಲೆ ಸೇರಿಸಬೇಕು.

ಹಳತು ಮಾಡುವ ಕೆಲಸದಲ್ಲಿ ಕೈ ಬಿಗಿ ಇರಲಿ. ಈ ಎಂಜಿನ್ನುಗಳನ್ನು ಸಿಬ್ಬಂದಿ ಒರೆಸಿ ಇಟ್ಟುಕೊಳ್ಳುತ್ತಾರೆ. ತುಕ್ಕು ಹಿಡಿದ ಗುಜರಿಯ ಹಾಗೆ ಮಾಡಿದರೆ ಅವರಿಗೆ ಅನ್ಯಾಯ. ಟ್ಯಾಂಕಿನ ನೀರಿನ ಬಾಯಿಯಿಂದ ಇಳಿದ ಸುಣ್ಣದ ಬಿಳಿ ಗೆರೆ, ಸರಳುಗಳ ಕೀಲಿನಲ್ಲಿ ಎಣ್ಣೆಯ ಹೊಳಪು, ಹೊಗೆಪೆಟ್ಟಿಗೆಯ ಮಂದ ಕಪ್ಪು ಇಷ್ಟು ಸಾಕು. ಒಂದು ವಿವರ ಮಾತ್ರ ಬಿಡಬೇಡಿ. ಏರಿನಲ್ಲಿ ಚಕ್ರ ಜಾರದಿರಲೆಂದು ಎಂಜಿನ್ನಿನ ಮುಂತುದಿಯ ಅಡ್ಡತೊಲೆಯಾದ ಬಫರ್ ಬೀಮಿನ ಮೇಲೆ ಇಬ್ಬರು ಕೂತು ಕೈಯಿಂದ ಹಳಿಗೆ ಮರಳು ಹಾಕುತ್ತಾರೆ. ಅವರು ಕೂರುವ, ಕಾಲಿಡುವ ಜಾಗದಲ್ಲಿ ಬಣ್ಣ ಸವೆದು ಲೋಹ ಕಾಣಬೇಕು. ಚಕ್ರದ ಮುಂದಿನ ಹಳಿಯ ಮೇಲೆ ಸಣ್ಣ ಮರಳಿನ ಎಳೆ ಇರಬೇಕು. ಕಲ್ಲಿದ್ದಲು ಒಡೆಯುವವನು ಬಂಕರಿನ ಮೇಲೆ. 1:18 ಅಳತೆಯ ಗೊಂಬೆಗಳು ಸುಲಭವಾಗಿ ಸಿಗುತ್ತವೆ, ಸುಮಾರು 6 ಪ್ರತಿಶತ ದೊಡ್ಡವು. ಕೂತ ಭಂಗಿಗೆ ತಿದ್ದಿದರೆ ವ್ಯತ್ಯಾಸ ಕಾಣುವುದಿಲ್ಲ. ಬಂಕರಿಗೆ ಇದ್ದಿಲ ಚೂರಾದರೆ ಹೊಳಪು ಕಪ್ಪು ಬಳಿಯಿರಿ, ನಿಜವಾದ ಕಲ್ಲಿದ್ದಲು ಸಿಕ್ಕರೆ 5ರಿಂದ 8 ಮಿ.ಮೀ. ಚೂರು.

ಹಳಿಯ ಜಲ್ಲಿಗೆ ಎಂ-ಸ್ಯಾಂಡ್ ಜರಡಿ ಹಿಡಿದರೆ ಮೇಲೆ ಉಳಿಯುವ 2ರಿಂದ 3 ಮಿ.ಮೀ. ಕಲ್ಲು ಅಳತೆಗೆ ಸರಿಯಾಗಿದೆ. ತೊಳೆದು ಒಣಗಿಸಿ ಹರಡಿ, ಆಲ್ಕೊಹಾಲ್ ಸಿಂಪಡಿಸಿ ನೆನೆಸಿದ ಮೇಲೆ ಒಂದಕ್ಕೆ ಒಂದು ನೀರು ಬೆರೆಸಿದ ಬಿಳಿ ಅಂಟು ಹನಿಸಿ. ನೆನೆಸದೆ ಹನಿಸಿದರೆ ಅಂಟು ಗುಂಡಾಗಿ ಕಲ್ಲನ್ನು ಎತ್ತಿಕೊಂಡು ಉರುಳುತ್ತದೆ. ಜಲ್ಲಿ ಹಾಕುವ ಮೊದಲೇ ಚಾಸಿಸ್ಸನ್ನು ಹಳಿಯ ಮೇಲಿಟ್ಟು, ಫಲಕದ ಅಡಿಯಿಂದ ಚೌಕಟ್ಟಿನ ನಡುವಿಗೆ ಬರುವ ಎರಡು ಎಂ3 ಬೋಲ್ಟಿನ ರಂಧ್ರ ಕೊರೆದಿರಬೇಕು. ಏರಿನ ಮೇಲೆ ನಿಂತ ಎಂಜಿನ್ ಬೋಲ್ಟಿಲ್ಲದೆ ಒಂದು ದಿನವೂ ನಿಲ್ಲುವುದಿಲ್ಲ. ಮರ ಹಾಕುವ ಆಸೆ ಬಿಡಿ: ಅಲ್ಲಿನ 30 ಮೀಟರಿನ ಧೂಪಿ ಮರ ಈ ಅಳತೆಯಲ್ಲಿ ಒಂದೂವರೆ ಮೀಟರ್ ಆಗುತ್ತದೆ. ಕಲ್ಲಿನ ತಡೆಗೋಡೆ, ಪಾಚಿ, ಜರೀಗಿಡ, ರಸ್ತೆಯ ಡಾಂಬರು, ಬೆಟ್ಟದ ನೀರು ಹರಿಯುವ ಚರಂಡಿ, ಇಷ್ಟರಲ್ಲೇ ಜಾಗ ಕಣ್ಣಿಗೆ ಕಟ್ಟುತ್ತದೆ.

ಖರ್ಚು, ಉಪಕರಣ ಬಿಟ್ಟು, ಹೀಗೆ: ಹಿತ್ತಾಳೆ ಮತ್ತು ಜರ್ಮನ್ ಸಿಲ್ವರ್ 3,000 ರೂಪಾಯಿ, ಲೇತ್ ಕೆಲಸ 4,500, 3ಡಿ ಮುದ್ರಣ 5,000, ಹಳಿ ಸುಂಕವೂ ಸೇರಿ 6,000, ಬಣ್ಣ ಮತ್ತು ಪ್ರೈಮರ್ 6,000, ಪ್ಲಾಸ್ಟಿಕ್ ಹಾಳೆ 2,000, ಫಲಕ ಮತ್ತು ದೃಶ್ಯದ ಸಾಮಾನು 2,000, ಅಕ್ರಿಲಿಕ್ ಪೆಟ್ಟಿಗೆ 5,000. ಒಟ್ಟು ಸುಮಾರು 33,500. ಇದರಲ್ಲಿ ಉಳಿಸಬಹುದಾದ್ದು ಹಳಿ ಮಾತ್ರ: ಎಂಜಿನ್ ಓಡಿಸುವುದಿಲ್ಲ ಎಂದಾದರೆ ಸ್ಟೈರೀನ್ ಪಟ್ಟಿಗಳಿಂದ ಹಳಿಯ ಆಕಾರ ಕಟ್ಟಿ ಬಣ್ಣ ಬಳಿಯಬಹುದು. ಆದರೆ ಮೇಲ್ಮೈಯ ಹೊಳಪು ಲೋಹದಷ್ಟು ಸಹಜವಾಗಿ ಬರುವುದಿಲ್ಲ, ಹಾಗಾಗಿ ನನ್ನ ಒಲವು ನಿಜವಾದ ಹಳಿಯ ಕಡೆಗೇ.

ಪೆಟ್ಟಿಗೆಗೆ 3 ಮಿ.ಮೀ. ಅಕ್ರಿಲಿಕ್ ಸಾಕು. ಲೇಸರಿನಲ್ಲಿ ಕತ್ತರಿಸಿದ ಅಂಚುಗಳು ದ್ರಾವಕ ತಾಗಿದರೆ ಸಣ್ಣ ಬಿರುಕು ಬಿಡುತ್ತವೆ. ಅಂಟಿಸುವ ಮೊದಲು ಅಂಚನ್ನು ನಯವಾಗಿ ಉಜ್ಜಿ. ಅಂಟಿಸಿದ ಪೆಟ್ಟಿಗೆಯನ್ನು ಕೆಲವು ದಿನ ಬೋರಲು ಹಾಕದೆ ಬಾಯಿ ಮೇಲೆ ಮಾಡಿ ತೆರೆದಿಡಿ. ಎಂಜಿನ್ನಿನ ಎನಾಮಲ್ ಬಣ್ಣದ ವಾಸನೆ ಪೂರ್ತಿ ಹೋಗುವವರೆಗೆ ಮುಚ್ಚಬೇಡಿ, ಇಲ್ಲದಿದ್ದರೆ ಒಳಮೈಗೆ ಮಬ್ಬು ಕೂರುತ್ತದೆ. ಎಲ್‌ಇಡಿಯ ಡ್ರೈವರ್ ಪೆಟ್ಟಿಗೆಯ ಹೊರಗಿರಲಿ, ಒಳಗೆ ಬಿಸಿ ಬೇಡ. ಸಾಗಿಸುವಾಗ ಬೋಲ್ಟ್ ಬಿಗಿಯಿದೆ ಎಂದು ನೋಡಿ, ಕಲ್ಲಿದ್ದಲು ಒಡೆಯುವವನನ್ನೂ ಮರಳಿನ ಇಬ್ಬರನ್ನೂ ಬೇರೆ ಡಬ್ಬಿಯಲ್ಲಿಡಿ. ಅವರ ಕಾಲಿಗೆ 0.8 ಮಿ.ಮೀ. ತಂತಿ ಚುಚ್ಚಿ, ಎಂಜಿನ್ನಿನಲ್ಲಿ ಅದಕ್ಕೆ ರಂಧ್ರ ಇಟ್ಟಿದ್ದರೆ ತೆಗೆದು ಹಾಕಲು ಒಂದು ನಿಮಿಷವೂ ಬೇಡ.